ಮನೆಗೆ ಎಷ್ಟು ಮಾರು

ಹತ್ತಿಕೋ ರೋಮೆಲ್, ಬಾಗಿಲು ಗಟ್ಟಿಯಾಗಿ ಎಳೆ,
ಅದರ ಬಿಜಾಗರಿಗೆ ನನ್ನಷ್ಟೇ ವಯಸ್ಸು.
ಫ್ಲಾಸ್ಕಿನಲ್ಲಿ ಕಾಫಿ ಇದೆ, ಈಗಲೇ ಮುಟ್ಟಬೇಡ.
ಹೊರಗೆ ಸೊನ್ನೆಯ ಕೆಳಗೆ ಮೂವತ್ತೊಂದು.
ವಿನಿಪೆಗ್ ಮಲಗಿದೆ;
ಬೆಳಗಾಗುವುದರೊಳಗೆ ಅದನ್ನು ಹಿಮದಡಿಯಿಂದ
ಹೊರಗೆಳೆದು ಕೂರಿಸುವುದು ನಮ್ಮ ಕೆಲಸ.

ಮೊದಲು ಪೇಟೆ. ಇಲ್ಲಿ ನೋಡು,
ಒಂದೇ ಕಟ್ಟಡ, ಹದಿನಾಲ್ಕು ಅಂತಸ್ತು,
ನೂರ ಎಂಬತ್ತು ಮನೆ.
ಅದರ ಮುಂದೆ ನಾನು ಗೋರುವ ರಸ್ತೆ ಮೂವತ್ತು ಮಾರು.
ಬ್ಲೇಡು ಇಳಿಸಿದೆ. ಎತ್ತಿದೆ.
ನಿನಗೊಂದು ಕೆಮ್ಮು ಬಂದು ಹೋಗುವಷ್ಟರಲ್ಲಿ
ಅಷ್ಟೂ ಮನೆಗೆ ದಾರಿಯಾಯಿತು.

ಏಳನೆಯದರಲ್ಲಿ ನನ್ನ ಚಿಕ್ಕಮ್ಮ ಆಗಾಥಾ ಇದ್ದಾಳೆ.
ಹೀಟರಿನ ಗುಂಡಿ ಮುಟ್ಟುವುದೇ ಇಲ್ಲ, ಜಿಪುಣಿ.
ಕೆಳಗಿನವರು ಬೇಯಿಸುತ್ತಾರೆ, ಪಕ್ಕದವರು ಮೀಯುತ್ತಾರೆ,
ಮೇಲಿನವರ ಮಗು ಕುಣಿಯುತ್ತದೆ;
ಒಬ್ಬರ ಗೋಡೆ ಇನ್ನೊಬ್ಬರ ಕಂಬಳಿ.
ಗಾಳಿಗೆ ಒಡ್ಡಿಕೊಂಡಿರುವುದು ಒಂದೇ ಗೋಡೆ,
ಆ ಕಿಟಕಿಯ ಒಳಗೆ ಜೆರೇನಿಯಂ ಹೂ ಬಿಟ್ಟಿದೆ, ಜನವರಿಯಲ್ಲಿ.
ಬೈಗುಳವೂ ಗೋಡೆ ದಾಟುತ್ತದೆ ಅನ್ನುತ್ತಾಳೆ,
ಹುರಿದ ಮೀನಿನ ವಾಸನೆಯೂ.
ಬಿಸಿ ಮಾತ್ರ ಬರಲಿ ಅಂದರೆ ಆದೀತೇ?

ಹಿಡಿದುಕೋ. ಸೇತುವೆಯಾಚೆ ಇಪ್ಪತ್ತು ನಿಮಿಷ ಬರೀ ಓಟ.

ಬಂತು. ಇಲ್ಲಿ ರಸ್ತೆ ನೆಟ್ಟಗೆ ಹೋಗುವುದೇ ಇಲ್ಲ,
ಮಲಗುವ ಮುಂಚೆ ನಾಯಿ ಸುತ್ತುವ ಹಾಗೆ
ಸುತ್ತಿ ಸುತ್ತಿ ಒಂದು ಕಡೆ ಕೂತುಬಿಡುತ್ತದೆ.
ಇಲ್ಲೂ ನೂರ ಎಂಬತ್ತು ಮನೆ, ನಾನೇ ಎಣಿಸಿದ್ದೇನೆ.
ರಸ್ತೆ, ಸಾವಿರ ಮಾರು.
ಪ್ರತಿ ಮನೆಗೆ ನಾಲ್ಕು ಗೋಡೆ, ನಾಲ್ಕೂ ಗಾಳಿಗೆ.
ಕಾರಿಗೊಂದು ಕೋಣೆ, ಅದಕ್ಕೂ ಬೆಚ್ಚಗೆ.
ಹಾಲು ಮುಗಿದರೆ ಎರಡು ಟನ್ನಿನ ಬಂಡಿ ಹೊರಡುತ್ತದೆ
ಒಂದು ಲೀಟರು ತರಲು.
ಮೇಲೆ ನೋಡು, ಗಾಳಿ ನಿಂತಿದೆ,
ಒಂದೊಂದು ಚಿಮಣಿಗೂ ಒಂದೊಂದು ಬಿಳಿ ಜುಟ್ಟು.
ಈ ಚಳಿಗೆ ಉಪ್ಪು ನಾಟುವುದಿಲ್ಲ, ಮರಳು ಎರಚುತ್ತೇವೆ;
ಮಾರ್ಚಿಗೆ ಉಪ್ಪು.
ಏಪ್ರಿಲಿನಲ್ಲಿ ತೊರೆಗೆ ಬರುವ ಕಪ್ಪೆಗಳಿಗೆ
ಊಟಕ್ಕೆ ಮೊದಲೇ ಬಡಿಸಿಟ್ಟಿರುತ್ತೇವೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಿದ್ದರು.
ಇಲ್ಲಿ ಕಾಲು ಮೊದಲು ಚಾಚುತ್ತಾರೆ,
ಹಾಸಿಗೆ ಹೊಲಿಯುತ್ತಾ ಹಿಂದೆ ಹಿಂದೆ ಓಡುವುದು
ನಾನು, ಈ ಗಾಡಿ, ಡೀಸೆಲ್.

ನಗಬೇಡ. ಬಲಗಡೆ ನೀಲಿ ಬಾಗಿಲು ಕಂಡಿತೆ?
ನನ್ನದು. ಹನ್ನೊಂದು ವರ್ಷವಾಯಿತು.
ಪೇಟೆಯಲ್ಲಿ ಎರಡು ಕೋಣೆಗೆ ಕೇಳಿದ ಬಾಡಿಗೆಯಲ್ಲಿ
ಇಲ್ಲಿ ಕಂತು ಕಟ್ಟಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು.
ಮಗಳು ಲೀಸ್ಬೆತ್ ಆಗ ಡ್ರಮ್ಮು ಬಾರಿಸುತ್ತಿದ್ದಳು,
ಕೆಳಗಿನ ಮನೆಯವನು ಪೊರಕೆಯಿಂದ ಸೂರು ಕುಟ್ಟುತ್ತಿದ್ದ.
ಇಲ್ಲಿ ಬಾರಿಸು ಎಷ್ಟು ಬೇಕಾದರೂ, ಅಂದೆ.
ಎರಡೇ ತಿಂಗಳು. ಬಿಟ್ಟುಬಿಟ್ಟಳು.
ಕುಟ್ಟುವವನೇ ಇಲ್ಲದ ಮೇಲೆ ಏನು ಮಜ ಅಮ್ಮ, ಅಂದಳು.

ಇದು ಕೊನೆಯ ಬೀದಿ. ಮನೆ ಒಂದೂ ಎದ್ದಿಲ್ಲ,
ದೀಪದ ಕಂಬಗಳು ಎದ್ದಿವೆ, ಉರಿಯುತ್ತಿವೆ.
ಹೋದ ವರ್ಷ ಇಲ್ಲಿ ಕನೋಲ, ಕಣ್ಣು ಕುಕ್ಕುವ ಹಳದಿ.
ಪಟ್ಟಿಯಲ್ಲಿ ಹೆಸರಿದೆ, ಗೋರಲೇಬೇಕು.
ಮನೆಗೆ ಎಷ್ಟು ಮಾರು, ನೀನೇ ಲೆಕ್ಕ ಹಾಕು;
ಸೊನ್ನೆಯಿಂದ ಭಾಗಿಸಲು ನಮ್ಮ ಟೀಚರು ಬಿಡುತ್ತಿರಲಿಲ್ಲ.

ನೀನು ಮುಂಗಡ ಕೊಟ್ಟಿರುವುದು ಈ ಸಾಲಿನಲ್ಲೇ ಅಲ್ಲವೆ?
ಯಾರು ಹೇಳಿದರೋ. ಇರಲಿ, ನಾನೇನೂ ಅನ್ನುವುದಿಲ್ಲ.
ನಿನಗೂ ಮಕ್ಕಳಿವೆ.

ತಡಿ, ಬ್ಲೇಡು ಎತ್ತು. ದೀಪ ತಗ್ಗಿಸು.
ಮೊಲ. ಹಿಮದ ಮೇಲೊಂದು ಹಿಡಿ ಹಿಮ,
ಕಿವಿಯ ತುದಿ ಮಾತ್ರ ಕಪ್ಪು.
ನಿನ್ನ ಪಡಸಾಲೆ ಬರುವ ಜಾಗದಲ್ಲೇ ಕೂತಿದೆ.
ಹೊಲ ಎಲ್ಲಿ ಮುಗಿದು ರಸ್ತೆ ಎಲ್ಲಿ ಶುರು
ಅದಕ್ಕೆ ತಿಳಿಯದು,
ಗೋರುವ ತನಕ ನಮಗೂ.

ಅದಾಗಿ ಎದ್ದು ಹೋಗಲಿ.
ಅಲ್ಲಿಯವರೆಗೆ, ಹೂಂ, ಈಗ ಬಗ್ಗಿಸು ಕಾಫಿ.